ಅತಿಥಿಗೆ ಮೊದಲ ಲೋಟ

ಶಕ್ತಿಪುಡಿ ಕಂಪನಿಯ ಸಾಹೇಬರು ಹೈಸ್ಕೂಲಿನ ಹತ್ತನೇ ಕ್ಲಾಸಿಗೆ ಬಂದು ಭಾಷಣ ಕೊರೆದರು. "ನಮ್ಮ ಪುಡೀಲಿ ಸಕ್ಕರೆಯ ಸುಳಿವೇ ಇಲ್ಲ. ದಿನಾ ಕುಡೀತೀವಿ ಅಂತ ಮಕ್ಕಳಿಂದ ಪ್ರಮಾಣ ಮಾಡಿಸಿ," ಎಂದು ವಿಜ್ಞಾನದ ಮೇಡಂಗೆ ಅಪ್ಪಣೆಯಾಯಿತು. ಕಂಪನಿ ಕೊಡುವ ಹೊಸ ಬೆಂಚುಗಳ ಆಸೆಗೆ ಹೆಡ್‌ಮಾಸ್ಟರೂ ಮೇಡಂ ಕಡೆ ಕಣ್ಣು ಕೆಕ್ಕರಿಸಿದರು.

ಮೇಡಂ ದೊಡ್ಡ ಲೋಟದ ತುಂಬ ಪುಡಿ ಕಲಸಿ ತಂದರು. "ನಮ್ಮಲ್ಲಿ ಬಿಸಿಯೂಟವನ್ನೂ ದೊಡ್ಡವರು ರುಚಿ ನೋಡಿದ ಮೇಲೇ ಮಕ್ಕಳಿಗೆ ಬಡಿಸೋದು. ತಾವೇ ಮೊದಲು ಕುಡೀಬೇಕು ಸರ್."

ಸಾಹೇಬರು ಗಾಬರಿಯಿಂದ ಹಿಂದೆ ಸರಿದರು. "ಅಯ್ಯೋ, ನಂಗೆ ಶುಗರ್ ಇದೆ ಕಣಮ್ಮ! ಇದನ್ನ ಕುಡಿದ್ರೆ ಡಾಕ್ಟ್ರು ಸುಮ್ನೆ ಬಿಡ್ತಾರಾ?"

ಇಡೀ ಹತ್ತನೇ ಕ್ಲಾಸು ಗೊಳ್ಳೆಂದಿತು.

ಮೇಡಂ ಮಾತ್ರ ನಗಲಿಲ್ಲ. "ಜೋರಾಗಿ ಚಪ್ಪಾಳೆ ತಟ್ರೋ. ಮಾರೋರು ಹೇಳಿದ್ದನ್ನೆಲ್ಲ ನಂಬಬೇಡಿ ಅಂತ ವರ್ಷವಿಡೀ ಬಡ್ಕೊಂಡೆ, ನಿಮ್ಮ ತಲೆಗೆ ಹೋಗ್ಲಿಲ್ಲ. ಸಾಹೇಬರು ಒಂದೇ ಮಾತಲ್ಲಿ ಕಲಿಸಿಬಿಟ್ರು!"