ಬಿರಡೆ ಹಾಕಿದ ಜಾಡಿ

ಕಥೆ ಹೇಳಿ ನನಗೆ ರೂಢಿಯಿಲ್ಲ. ಬರೆಯುತ್ತಿರುವುದೂ ಇದೇ ಮೊದಲು. ಗುರು-ಶಿಷ್ಯರ ಕಥೆಯನ್ನು ನಾಲ್ಕು ಮಾತಿನಲ್ಲಿ ಮುಗಿಸಬೇಕು ಅನ್ನುತ್ತಾರೆ. ನನಗೋ, ಎಲ್ಲವನ್ನೂ ಬಿಡಿಸಿ ಹೇಳದಿದ್ದರೆ ಸಮಾಧಾನವಿಲ್ಲ. ಎಲ್ಲಾದರೂ ಎಡವಿದರೆ ತಪ್ಪು ನನ್ನದು, ಕಥೆಯದ್ದಲ್ಲ. ಕ್ಷಮಿಸಿ.

ಒಂದು ಹೊಳೆಯ ದಂಡೆಯಲ್ಲಿ ಕ್ರೈಸ್ತರ ಸಣ್ಣ ಆಶ್ರಮವಿತ್ತು. ಅದರ ಹಿರಿಯರು ಇನ್ನಾಸಪ್ಪ ಸ್ವಾಮಿಗಳು. ಆ ಕಡೆ ಪಾದ್ರಿಗಳನ್ನು ಸ್ವಾಮಿಗಳೆಂದೇ ಕರೆಯುವುದು. ಅವರ ಶಿಷ್ಯ ಚೌರಪ್ಪ. ಎಲ್ಲರ ಬಾಯಲ್ಲೂ ಚೌರಿ.

ಚೌರಿಗೆ ಉಗ್ಗು.

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ. ಅವನು ಮಾತು ಶುರು ಮಾಡಿದರೆ ಮುಗಿಸುವವರು ಬೇರೆಯವರು. ಊಟಕ್ಕೆ ಕೂತು "ಉ... ಉ..." ಅಂದರೆ, ಅಡುಗೆಯ ತೆರೇಜಮ್ಮ "ಉಪ್ಪಾ? ತಗೋಪ್ಪ" ಎಂದು ಉಪ್ಪು ಬಡಿಸಿ ಹೋಗುತ್ತಿದ್ದಳು. ಅವನಿಗೆ ಬೇಕಾಗಿದ್ದದ್ದು ಉಪ್ಪಿನಕಾಯಿ. ಅವನು ಸುಮ್ಮನೆ ಉಪ್ಪನ್ನೇ ಕಲಸಿಕೊಂಡು ಉಣ್ಣುತ್ತಿದ್ದ.

ಸ್ವಾಮಿಗಳು ಮಾತ್ರ ಅವನ ಮಾತನ್ನು ಮುಗಿಸುತ್ತಿರಲಿಲ್ಲ.

ಚೌರಿ ಆಶ್ರಮಕ್ಕೆ ಮೊದಲು ಬಂದಾಗ ಅವರು ಹೊಳೆಯಿಂದ ನೀರು ತರುತ್ತಿದ್ದರು. ತುಂಬಿದ ಕೊಡ ಹೆಗಲ ಮೇಲಿತ್ತು.

"ಯಾರಪ್ಪ ನೀನು?" ಎಂದು ಕೇಳಿದರು.

ಚೌರಿ ಹೆಸರು ಹೇಳಲು ಹೊರಟ. ಹೆಸರು ಬರಲಿಲ್ಲ. ಬೆವರಿದ. ಕಣ್ಣು ಮುಚ್ಚಿದ. ಕಾಲನ್ನು ನೆಲಕ್ಕೆ ತಟ್ಟಿದ. ಸ್ವಾಮಿಗಳು ಕೊಡ ಹೊತ್ತೇ ನಿಂತಿದ್ದರು. ಕೆಳಗಿಳಿಸಿದರೆ, ತನ್ನಿಂದ ತಡವಾಯಿತು ಎಂದು ಇವನಿಗೆ ಅನ್ನಿಸೀತಲ್ಲ. ಇದು ನನ್ನ ಊಹೆ. ಅವರು ಹಾಗೆಂದು ಯಾರಿಗೂ ಹೇಳಿದ್ದಿಲ್ಲ.

ಹೆಸರು ಪೂರ್ತಿ ಬಂದ ಮೇಲೆ, "ಒಳ್ಳೇ ಹೆಸರು. ಬಾ ಒಳಗೆ" ಎಂದರು.

ಆ ಕೊಡದ ಋಣಕ್ಕೆ ಒಂದು ಮಾತು ಹೇಳಬೇಕೆಂದು ಚೌರಿ ಅಂದಿನಿಂದ ಕಾದಿದ್ದ. ಆದರೆ ಹೇಳುವುದಕ್ಕೆ ಮಾತೇ ಬೇಕಲ್ಲ.

ಹೀಗಿರುವಾಗ ಸ್ವಾಮಿಗಳು ಗುರುಪಟ್ಟ ಪಡೆದು ಪಾದ್ರಿಯಾಗಿ ಐವತ್ತು ವರ್ಷ ತುಂಬುವ ಹಬ್ಬ ಹತ್ತಿರವಾಯಿತು. ಯಾರು ಏನು ಮಾಡಬೇಕೆಂಬ ಮಾತು ಬಂದಾಗ ಸ್ವಾಮಿಗಳು ಹೇಳಿದರು:

"ವಂದನಾರ್ಪಣೆ ಚೌರಿ ಮಾಡಲಿ."

ಚೌರಿಯ ಮುಖದ ಬಣ್ಣ ಇಳಿಯಿತು.

"ನಾ... ನಾನು ಬೇಡ, ಸ್ವಾಮಿ. ಬೇರೆ ಏ... ಏನಾದರೂ ಮಾಡ್ತೀನಿ. ಹಬ್ಬಕ್ಕೆ ವೈ... ವೈನು ಮಾಡ್ತೀನಿ."

"ಮಾಡಿ ಗೊತ್ತಾ?"

"ಗೊ... ಗೊತ್ತಿಲ್ಲ."

"ಹಾಗಾದರೆ ಮಾಡು. ವಂದನೆಯ ಮಾತು ಆಮೇಲೆ ನೋಡೋಣ."

ಪ್ರಾರ್ಥನೆಗೆಂದು ಬಂದುಹೋದ ಭಕ್ತರೊಬ್ಬರು ಪೇಟೆಯಿಂದ ಒಂದು ವೈನ್ ಕಿಟ್ ಕಳಿಸಿದ್ದರು. ಪೆಟ್ಟಿಗೆಯಲ್ಲಿ ಏನಿತ್ತೆಂದರೆ, ಕಿರುಬಾಯಿಯ ದೊಡ್ಡ ಗಾಜಿನ ಜಾಡಿ, ಜೇನಿನಷ್ಟು ಗಟ್ಟಿಯಾದ ದ್ರಾಕ್ಷಿರಸದ ಚೀಲ, ಯೀಸ್ಟಿನ ಪುಟ್ಟ ಪೊಟ್ಟಣ, ನಡುವೆ ತೂತಿರುವ ಬಿರಡೆ, ಆ ತೂತಿಗೆ ಸಿಕ್ಕಿಸಲು ಒಂದು ಡೊಂಕು ನಳಿಗೆ.

ತೆರೇಜಮ್ಮ ಬಗ್ಗಿ ನೋಡಿದಳು.

"ನಮ್ಮವ್ವ ದ್ರಾಕ್ಷಿ ಹಿಸುಕಿ ಭರಣಿಗೆ ಹಾಕೋಳು. ಈಗ ಹಬ್ಬಾನೂ ಪೊಟ್ಟಣದಾಗೆ ಬತ್ತದಾ?"

ಚೌರಿ ನಕ್ಕ. ಜಾಡಿಯನ್ನು ಬಿಸಿನೀರಿನಲ್ಲಿ ತೊಳೆದು, ರಸಕ್ಕೆ ನೀರು ಬೆರೆಸಿ, ಯೀಸ್ಟ್ ಉದುರಿಸಿ, ಬಿರಡೆ ಒತ್ತಿ, ನಳಿಗೆಗೆ ಒಂದಿಷ್ಟು ನೀರು ಹಾಕಿದ. ಎಲ್ಲರ ಲೋಟಕ್ಕೂ ಇದು ಬಿದ್ದರೆ ಸಾಕು, ತಾನು ಆಡಬೇಕಾದ ಮಾತನ್ನು ಇದೇ ಆಡುತ್ತದೆ ಎಂದು ಅವನ ನಂಬಿಕೆ.

ನಳಿಗೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯೀಸ್ಟ್ ಸಕ್ಕರೆಯನ್ನು ತಿನ್ನುತ್ತಾ ಹೋದಂತೆ ಜಾಡಿಯೊಳಗೆ ಗಾಳಿ ಹುಟ್ಟುತ್ತದೆ. ಆ ಗಾಳಿ ನಳಿಗೆಯ ನೀರನ್ನು ದೂಡಿಕೊಂಡು, ಒಂದೊಂದೇ ಗುಳ್ಳೆಯಾಗಿ ಹೊರಬರುತ್ತದೆ. ಹೊರಗಿನ ಗಾಳಿಗೆ ಒಳಗೆ ಹೋಗಲು ಆ ನೀರು ಬಿಡುವುದಿಲ್ಲ. ಗುಳ್ಳೆ ಹೊರಬರುವಾಗ ಸದ್ದಾಗುತ್ತದೆ.

ಗುಳುಕ್.

ಜಾಡಿಯನ್ನು ತಂಪಿರುವ ಕಡೆ ಇಡಬೇಕಿತ್ತು. ಆಶ್ರಮದಲ್ಲಿ ತಂಪಾದ ಜಾಗವೆಂದರೆ ಮಣ್ಣಿನ ದಪ್ಪ ಗೋಡೆಯ ಧ್ಯಾನದ ಕೋಣೆ. ಸ್ವಾಮಿಗಳನ್ನು ಕೇಳಿ ಚೌರಿ ಅಲ್ಲೇ ಮೂಲೆಯಲ್ಲಿ ಇಟ್ಟ.

ಅದಾದ ಮೇಲೆ ಮೌನದ ವಾರ ಬಂತು.

ವರ್ಷಕ್ಕೊಮ್ಮೆ ಆಶ್ರಮದಲ್ಲಿ ಒಂದು ವಾರ ಯಾರೂ ಮಾತಾಡುವುದಿಲ್ಲ. ಚೌರಿಗೆ ಅದರಷ್ಟು ಇಷ್ಟದ ವಾರ ಇನ್ನೊಂದಿಲ್ಲ. ಆಗ ಅವನೂ ಎಲ್ಲರ ಹಾಗೆಯೇ.

ಎಲ್ಲರೂ ಕಣ್ಣು ಮುಚ್ಚಿ ಕೂತರು. ಕೋಣೆ ನಿಶ್ಶಬ್ದವಾಯಿತು.

"ಗು..." ಎಂದಿತು ಜಾಡಿ. ತಡೆಯಿತು. "ಗು... ಗುಳುಕ್."

ಒಬ್ಬರ ತುಟಿ ಕೊಂಕಿತು. ಇನ್ನೊಬ್ಬರು ಕೆಮ್ಮಿದಂತೆ ಮಾಡಿ ನಗು ನುಂಗಿದರು.

ಆ ನುಂಗಿದ ನಗುವನ್ನು ಚೌರಿ ಬಲ್ಲ. ಶಾಲೆಯ ಬೆಂಚಿನಲ್ಲಿ, ಬಸ್ಸಿನಲ್ಲಿ, ಅಂಗಡಿಯ ಮುಂದೆ ಅದನ್ನೇ ಕೇಳುತ್ತಾ ಬೆಳೆದವನು. ಅವನ ಕಿವಿ ಕೆಂಪಾಯಿತು.

ಎಲ್ಲರೂ ಹೊರಗೆ ಹೋದ ಮೇಲೆ ಅವನು ನಳಿಗೆಯನ್ನು ಬಿರಡೆ ಸಮೇತ ಕಿತ್ತ. ತೂತಿಲ್ಲದ ಒಂದು ಬಿರಡೆ ಹುಡುಕಿ ತಂದು ಜಾಡಿಯ ಬಾಯಿಗೆ ಬಲವಾಗಿ ಒತ್ತಿದ. ಮೇಲೆ ಬಟ್ಟೆ ಸುತ್ತಿ ಹಗ್ಗದಿಂದ ಬಿಗಿದ.

ಸಂಜೆಯ ಧ್ಯಾನದಲ್ಲಿ ಜಾಡಿ ಸದ್ದು ಮಾಡಲಿಲ್ಲ. ಸ್ವಾಮಿಗಳು ಒಂದು ಕಣ್ಣು ತೆರೆದು ಜಾಡಿಯನ್ನು ನೋಡಿದರು. ಚೌರಿಯನ್ನು ನೋಡಿದರು. ಮತ್ತೆ ಕಣ್ಣು ಮುಚ್ಚಿದರು.

ಮರುದಿನ ಬೆಳಗಿನ ಧ್ಯಾನದ ನಡುವೆ ಹಗ್ಗ, ಬಟ್ಟೆ ಎಲ್ಲ ಕಿತ್ತುಕೊಂಡು ಬಿರಡೆ ಢಮ್ಮೆಂದು ಹಾರಿತು.

ಹೆಂಚಿಗೆ ಬಡಿದು ಕೆಳಗೆ ಬಿತ್ತು. ನೊರೆ ಉಕ್ಕಿ ಗೋಡೆಗೆ ಚಿಮ್ಮಿತು, ಸ್ವಾಮಿಗಳ ಬಿಳಿ ನಿಲುವಂಗಿಗೂ ಚಿಮ್ಮಿತು. ಅಡುಗೆಮನೆಯಿಂದ "ಅಯ್ಯೋ ಯೇಸುವೇ, ಯಾರು ಹೋದ್ರು?" ಎಂದು ತೆರೇಜಮ್ಮನ ದನಿ ಬಂತು. ಅಲ್ಲಿಗೆ ಮೌನ ಮುರಿಯಿತು. ಕೋಣೆಗೆ ಕೋಣೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಚೌರಿ ಎದ್ದು ಹೊರಗೆ ಓಡಿದ.

ಸ್ವಾಮಿಗಳು ಹೊಳೆಗೆ ಬಂದಾಗ ಅವನು ಬಟ್ಟೆಯ ಗಂಟನ್ನು ಪಕ್ಕದಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದ. ಊರಿಗೆ ಹೊರಟವನು. ದಾಟಲು ದೋಣಿಯಿರಲಿಲ್ಲ, ಅದಕ್ಕೆ ಕೂತಿದ್ದ.

ಸ್ವಾಮಿಗಳು ಅವನ ಪಕ್ಕ ಕೂತರು. ಅಂಗಿಯ ಮೇಲೆಲ್ಲ ನೇರಳೆ ಕಲೆ.

"ಎ... ಎಲ್ಲಾ ಹಾಳು ಮಾಡಿದೆ, ಸ್ವಾಮಿ."

"ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಯಾಕೆ ಬಾಯಿ ಕಟ್ಟಿದೆ ಅದರದ್ದು?"

ಚೌರಿ ಬಹಳ ಹೊತ್ತು ನೀರನ್ನೇ ನೋಡಿದ. ಸ್ವಾಮಿಗಳೂ ನೀರನ್ನೇ ನೋಡಿದರು.

"ಅದು ನ... ನನ್ನ ಹಾಗೇ ಮಾತಾಡ್ತಿತ್ತು."

"ಹೂಂ. ಅದಕ್ಕೇ ನಾನು ಅದನ್ನೇ ಕೇಳುತ್ತಾ ಕೂತಿದ್ದೆ."

ಚೌರಿ ತಿರುಗಿ ನೋಡಿದ.

"ಸದ್ದು ನಿಂತದ್ದು ನಿ... ನಿಮಗೆ ಗೊತ್ತಾಯ್ತಾ?"

"ಗೊತ್ತಾಯ್ತು. ಹೇಳೋಣ ಅಂದರೆ ಮೌನದ ವಾರ. ನಿಯಮ ದೊಡ್ಡದು ಅಂದುಕೊಂಡೆ. ನೀನು ಜಾಡಿಗೆ ಬಿರಡೆ ಹಾಕಿದೆ, ನಾನು ನನಗೇ ಹಾಕಿಕೊಂಡೆ. ಒಗೆಯೋ ಬಟ್ಟೆ ನನ್ನ ಪಾಲಿಗೆ ಬಂತು, ಸರಿಯಾಗೇ ಬಂತು."

ಚೌರಿಗೆ ಅಳು ಬರಬೇಕಾದಲ್ಲಿ ನಗು ಬಂತು.

ಸ್ವಾಮಿಗಳು ಅವನ ಗಂಟನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಆಶ್ರಮದ ಕಡೆ ನಡೆದರು. ಚೌರಿ ಹಿಂದೆ ಹೋದ. ಬಟ್ಟೆಯೆಲ್ಲ ಅದರಲ್ಲೇ ಇತ್ತಲ್ಲ.

ಇಬ್ಬರೂ ಸೇರಿ ಗೋಡೆ ಒರೆಸಿದರು. ಜಾಡಿಗೆ ಮತ್ತೆ ನಳಿಗೆ ಸಿಕ್ಕಿಸಿದರು. ಸ್ವಾಮಿಗಳು ಜಾಡಿಯನ್ನು ಮೂಲೆಯಿಂದ ತಂದು ತಮ್ಮ ಚಾಪೆಯ ಪಕ್ಕದಲ್ಲೇ ಇಟ್ಟುಕೊಂಡರು. ಅದು "ಗು..." ಎಂದು ತಡೆದಾಗಲೆಲ್ಲ ಅವರು ಕಣ್ಣು ಮುಚ್ಚಿಯೇ ಸ್ವಲ್ಪ ತಲೆ ಬಾಗಿಸುತ್ತಿದ್ದರು, ಮುಂದೆ ಹೇಳು ಅನ್ನುವ ಹಾಗೆ. ಆಮೇಲೆ ಯಾರೂ ನಗಲಿಲ್ಲ. ವಾರಗಳು ಕಳೆದು ಗುಳ್ಳೆ ತಾನಾಗಿಯೇ ನಿಂತಾಗ, ಕೋಣೆಯಲ್ಲಿ ಏನೋ ಕಮ್ಮಿಯಾಗಿದೆ ಎಂದು ಕೆಲವರಿಗೆ ಅನ್ನಿಸಿತಂತೆ.

ಹಬ್ಬ ಬಂತು. ಎಲೆ ಹಾಕಿದರು. ಪ್ರತಿಯೊಬ್ಬರ ಮುಂದೆಯೂ ಒಂದೊಂದು ಸಣ್ಣ ಲೋಟ. ಚೌರಿಯೇ ಬಗ್ಗಿ ಬಗ್ಗಿ ವೈನು ಹಾಕಿದ.

ತೆರೇಜಮ್ಮ ಬಾಗಿಲಲ್ಲೇ ನಿಂತು ಒಂದು ಗುಟುಕು ಕುಡಿದಳು. "ಹುಳಿ ಅದೆ" ಎಂದಳು. ಇನ್ನೊಂದು ಗುಟುಕು ಕುಡಿದಳು. "ಕೆಟ್ಟಿಲ್ಲ."

ವಂದನಾರ್ಪಣೆ ಯಾರದೆಂದು ಯಾರೂ ಕೇಳಲಿಲ್ಲ. ಸ್ವಾಮಿಗಳೂ ಕರೆಯಲಿಲ್ಲ.

ಚೌರಿ ತಾನಾಗಿಯೇ ಪಂಕ್ತಿಯ ನಡುವೆ ಬಂದು ನಿಂತ. ಕೈಯಲ್ಲಿ ಖಾಲಿ ಜಾಡಿ.

"ಸ್ವಾ... ಸ್ವಾಮಿಗಳೇ," ಎಂದ. "ಈ ವೈನು ಹೇ... ಹೇಗಾಯ್ತು ಅಂದರೆ, ಯೀಸ್ಟಿಗೆ ಸ... ಸಕ್ಕರೆ ಬೇಕು. ಆಮೇಲೆ ಗಾ... ಗಾಳಿ ಹೊರಗೆ ಬರೋದಕ್ಕೆ ದಾರಿ ಬೇಕು. ಅವಸರ ಮಾಡಬಾರದು. ನಾನು ಬಂ... ಬಂದ ದಿನ, ನಿಮ್ಮ ಹೆಗಲ ಮೇಲೆ ಕೊ... ಕೊ..."

ಅಲ್ಲಿಗೆ ತಡೆಯಿತು.

ಪಂಕ್ತಿಯಲ್ಲಿ ಕೂತವರು ಎಲೆಯ ಕಡೆ ನೋಡತೊಡಗಿದರು. ಚೌರಿಯ ಹಣೆ ಬೆವರಿತು.

ಅವನನ್ನು ಪಾರು ಮಾಡಬೇಕೆಂದೇ ತೆರೇಜಮ್ಮ ಕೂಗಿದಳು:

"ಚೌರೀ, ಬಡಿಸಾಕೆ ಬಾರಪ್ಪ. ಅನ್ನ ಆರೋಗ್ತದೆ."

ಚೌರಿ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಬಾಗಿಲು ತೆರೆದೇ ಇತ್ತು. ಒಂದು ಹೆಜ್ಜೆ ಇಟ್ಟರೆ ಎಲ್ಲ ಮುಗಿಯುತ್ತಿತ್ತು.

ಸ್ವಾಮಿಗಳು ತಮ್ಮ ಲೋಟವನ್ನು ಕೆಳಗಿಡದೆ, ಹಿಡಿದ ಕೈಯಲ್ಲೇ ಹಿಡಿದುಕೊಂಡು ಹೇಳಿದರು:

"ಅನ್ನ ಆರಲಿ, ತೆರೇಜಮ್ಮ. ಅವನ ಮಾತು ಇನ್ನೂ ಬರ್ತಾ ಇದೆ."