ಬಾಣಂತಿ ಅಳು ನಿಲ್ಲಿಸಿದ ದಿನ

ಹೊಳೆದಂಡೆಯ ಆಶ್ರಮದಲ್ಲಿ ಪಾರ್ವತವ್ವ ಎಂಬ ಮುದುಕಿ ಇದ್ದರು. ಊರಿಗೆಲ್ಲ ಅವರು ಅವ್ವ. ಹೆರಿಗೆ ಈಗ ಆಸ್ಪತ್ರೆಯಲ್ಲೇ ಆಗುತ್ತಿದ್ದರೂ ಆಮೇಲೆ ಬಾಣಂತಿಗೆ ಎಣ್ಣೆ ಹಚ್ಚಿ ಎರೆಯುವುದು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸುವುದು ಅವ್ವನ ಕೆಲಸವೇ ಆಗಿತ್ತು.

ಈಚೆಗೆ ಅವ್ವನಿಗೆ ಮಂಡಿನೋವು. ಹಾಗಾಗಿ ಶಿಷ್ಯೆ ಹೊನ್ನಮ್ಮ ಮನೆಮನೆಗೆ ಹೋಗುತ್ತಿದ್ದಳು. ಹುಡುಗಿ ಬಲು ಚುರುಕು. ಒಮ್ಮೆ ಹೇಳಿದ ನಿಯಮವನ್ನು ಮರೆಯುವವಳೇ ಅಲ್ಲ. ತೊಂದರೆ ಇದ್ದದ್ದೂ ಅಲ್ಲೇ.

ಆ ಬೆಳಿಗ್ಗೆ ಅವಳು ಗೆದ್ದು ಬಂದವಳ ಹಾಗೆ ಬಂದಳು. ಅವ್ವ ಶುಂಠಿ ಕುಟ್ಟುತ್ತಾ ಕೂತಿದ್ದರು.

"ಸಾವಂತ್ರಿ ಮನಿಗೆ ಹೋಗಿ ಬಂದ್ಯಾ?"

"ಹೂನ್ರಿ ಅವ್ವಾ. ಕೂಸು ಚಲೋ ಐತಿ. ಹೊಕ್ಕಳಾ ಒಣಗೇತಿ, ಹಾಲೂ ಕುಡಿತೈತಿ."

"ತಾಯಿ ಹೆಂಗದಾಳ?"

"ಅಳೂದು ನಿಲ್ಲಿಸ್ಯಾಳ್ರಿ."

ಅವ್ವನ ಕೈ ನಿಂತಿತು.

"ನಾಕು ದಿನದಿಂದ ಒಂದ ಸವನ ಅಳತಿದ್ಲು. ಬಾಣಂತಿ ಅಳಬಾರದು, ಹಾಲು ಬತ್ತತಾವು, ಕೂಸಿನ ಗತಿ ಏನು ಅಂತ ನಿನ್ನೆ ಚೆಂದಂಗ ಗದರಿಸಿದೆ. ಇವತ್ತು ಕಣ್ಣಾಗ ಒಂದು ಹನಿ ಇಲ್ಲ. ತಲಿ ಬಾಚಿಕೊಂಡು ಸುಮ್ಮನ ಕುಂತಾಳ."

"ಏನರ ಮಾತಾಡಿದ್ಲಾ?"

"ಒಂದ ಮಾತು ಕೇಳಿದ್ಲ್ರಿ. ನಾ ಇಲ್ಲಂದ್ರ ಕೂಸು ಡಬ್ಬಿ ಹಾಲು ಕುಡಿತೈತೇನು ಅಂತ."

"ನೀ ಏನಂದಿ?"

"ಕುಡಿತೈತಿ ಅಂದೆ. ಕಾಸಿ ಆರಿಸಿದ ನೀರಾಗ ಕಲಸಬೇಕು, ಚಮಚೆಲೆ ಹಾಕಬೇಕು ಅಂತ ಪೂರಾ ತಿಳಿಸಿ ಬಂದೆ."

ಅವ್ವ ಎದ್ದುಬಿಟ್ಟರು. ಕೋಲನ್ನೂ ತೆಗೆದುಕೊಳ್ಳಲಿಲ್ಲ.

"ಅವ್ವಾ, ನಿಮ್ಮ ಮಂಡಿ..."

"ಮಂಡಿ ಹಾಳಾಗಿ ಹೋಗಲಿ. ಓಡು!"

ಸಾವಂತ್ರಿಯ ತವರುಮನೆ ಎರಡು ಓಣಿ ಆಚೆ. ಅವಳ ತಾಯಿ ಕಲ್ಲವ್ವ ಪಡಸಾಲೆಯಲ್ಲಿ ಕೂತು ಮಗಳಿಗೆಂದು ಅಂಟಿನ ಉಂಡಿ ಕಟ್ಟುತ್ತಿದ್ದಳು. ಪಕ್ಕದ ತೊಟ್ಟಿಲಲ್ಲಿ ಕೂಸು ಮಲಗಿತ್ತು.

"ಸಾವಂತ್ರಿ ಎಲ್ಲಿ?"

"ಕೂಸನ್ನ ನೀನ ನೋಡಿಕೋ ಅಂತ ಕೊಟ್ಟು ಒಳಗ ಹ್ವಾದ್ಲು. ಈಗರ ಮಲಗ್ಯಾಳ, ಎಬ್ಬಿಸಬ್ಯಾಡ್ರಿ ಅವ್ವಾರ."

ಕೋಣೆಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಬಾಣಂತಿ ಕೋಣೆಗೆ ಯಾರೂ ಚಿಲಕ ಹಾಕುವುದಿಲ್ಲ.

ಅವ್ವ ಬಾಗಿಲು ತಟ್ಟಿದರು. ಒಳಗಿನಿಂದ ಸದ್ದಿಲ್ಲ.

"ಸಾವಂತ್ರಿ! ಕೂಸು ಅಳಾಕತ್ತೈತಿ, ಬಾಗಿಲಾ ತಗಿ!" ಎಂದು ಹೊನ್ನಮ್ಮ ಕೂಗಿದಳು. ಕೂಸು ಅಳುತ್ತಿರಲಿಲ್ಲ.

ಅವ್ವ ಅವಳ ಬಾಯಿ ಮುಚ್ಚಿದರು.

"ಕೂಸಿನ ಹೆಸರು ತಗೀಬ್ಯಾಡ."

ಆಮೇಲೆ ನೋಯುವ ಕಾಲು ಮಡಚಿ ನೆಲಕ್ಕೆ ಕೂತು ಬಾಗಿಲಿಗೆ ಮುಖ ಹಚ್ಚಿದರು.

"ಸಾವಂತ್ರಿ, ನಾ ಪಾರ್ವತವ್ವ. ಕೂಸನ್ನ ನೋಡಾಕ ಬಂದಿಲ್ಲ. ನಿನ್ನ ನೋಡಾಕ ಬಂದೀನಿ."

ಅವ್ವ ಬಾಗಿಲ ಮೇಲೆ ಅಂಗೈ ಇಟ್ಟರು.

"ಸಾಯಬೇಕು ಅನ್ನಿಸಾಕತ್ತೈತೇನವ್ವ?"

ಕಲ್ಲವ್ವನ ಕೈಯಿಂದ ಉಂಡಿ ಜಾರಿತು. "ಏನಂತೀರಿ ಅವ್ವಾರ! ಬಾಣಂತಿ ಇರೂ ಮನ್ಯಾಗ ಅಂಥ ಮಾತು!"

ಅವ್ವ ತಿರುಗಿಯೂ ನೋಡಲಿಲ್ಲ.

ಒಳಗಿನಿಂದ, ಬಾಗಿಲ ಹತ್ತಿರದಿಂದಲೇ, ದನಿ ಬಂತು.

"ಹೂಂ."

ಸಾವಂತ್ರಿ ತಾನೇ ಮುಂದುವರಿಸಿದಳು.

"ಕೂಸನ್ನ ಎತ್ತಿಕೊಂಡ್ರ ನನಗ ಏನೂ ಅನಸೂದಿಲ್ಲ ಅವ್ವಾ. ನಾ ಅದಕ್ಕ ತಕ್ಕ ತಾಯಿ ಅಲ್ಲ. ನನ್ನ ಬಿಟ್ಟುಬಿಡ್ರಿ."

"ಬಿಡೂದಿಲ್ಲ. ಇದು ಜಡ್ಡು ಐತಿ, ನಿನ್ನ ತಪ್ಪಲ್ಲ. ನಿನ್ನಂಗ ಎಷ್ಟೋ ಮಂದೀನ ಕಂಡೀನಿ, ಆರಾಮಾಗ್ಯಾರ. ಇದಕ್ಕ ಡಾಕ್ಟರ್ ಅದಾರ, ಔಷಧ ಐತಿ. ಅಲ್ಲೀತನಕ ನಾ ಇಲ್ಲೇ ಕುಂದರತೀನಿ. ಅಳೂದಿದ್ರ ಅಳು."

"ಹಾಲು ಬತ್ತತಾವಂತ."

"ಬತ್ತಲಿ. ಹಾಲು ಎಲ್ಲಿಂದರ ತರತೀವಿ. ನಿನ್ನ ಎಲ್ಲಿಂದ ತರೂಣು?"

ಒಳಗೆ ಬಿಕ್ಕಿದ ಸದ್ದಾಯಿತು. ಮತ್ತೊಮ್ಮೆ ಬಿಕ್ಕಿದಳು. ಆಮೇಲೆ ಚಿಲಕ ಸರಿಯಿತು.

ಅವ್ವ ಅವಳನ್ನು ತಬ್ಬಿಕೊಂಡು ಚಾಪೆಯ ಮೇಲೆ ಕೂರಿಸಿದರು. ಕಲ್ಲವ್ವ "ಅಳಬ್ಯಾಡ ಮಗಳ" ಎನ್ನುತ್ತಾ ಓಡಿ ಬಂದಳು. ಅವ್ವ ಕಣ್ಣಲ್ಲೇ ತಡೆದರು.

"ನಿನ್ನ ಅಳಿಯಗ ಫೋನ್ ಮಾಡು. ಗಾಡಿ ತಗೊಂಡು ಈಗ ಬರಲಿ. ಮನಸ್ಸಿನ ಡಾಕ್ಟರ್ ಕಡೆ ಇವತ್ತ ಹೋಗೂದು. ಅಲ್ಲೀತನಕ ಈಕಿನ್ನ ಒಂದು ಗಳಿಗಿನೂ ಒಬ್ಬಾಕಿನ್ನ ಬಿಡಬಾರದು."

ಕಲ್ಲವ್ವ ಫೋನ್ ಹುಡುಕಿದಳು.

ಈ ಗದ್ದಲಕ್ಕೆ ಕೂಸು ಎದ್ದಿತ್ತು. ಹೊನ್ನಮ್ಮ ಅದನ್ನು ಎತ್ತಿಕೊಂಡು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗುವ ಧೈರ್ಯವಾಗಲಿಲ್ಲ. ಅವ್ವ ಸಾವಂತ್ರಿಯ ಮೇಲೆ ಕಣ್ಣಿಟ್ಟುಕೊಂಡೇ ಬಾಗಿಲಿಗೆ ಬಂದರು.

"ಅವ್ವಾ, ಆಕಿ ಬಾಯಿ ಮುಚ್ಚಿಸಿದಾಕಿ ನಾನ," ಎಂದಳು ಹೊನ್ನಮ್ಮ. ಅವಳ ಗಲ್ಲ ಒದ್ದೆಯಾಗಿತ್ತು. "ನಾ ಈ ಕೆಲಸಕ್ಕ ತಕ್ಕಾಕಿ ಅಲ್ಲರಿ. ನನ್ನ ಕೈಲೆ ಆಗೂದಿಲ್ಲ. ನನ್ನ ಬಿಟ್ಟುಬಿಡ್ರಿ."

ಅವ್ವ ಎರಡೂ ಕೈ ಚಾಚಿದರು.

"ಈ ಮಾತನ್ನ ಆಕಿ ಬಾಜೂಕ ಕುಂತು ಆಕಿಗೆ ಹೇಳು. ಕೂಸನ್ನ ನಾ ಹಿಡಕೋತೀನಿ."