ಹಂಪಮ್ಮ ಸಿಸ್ಟರ್ ವಾಪಸ್ ಕೇಳಿದ ಫಾರಂ

ಒಂದು ತಾಲೂಕು ಆಸ್ಪತ್ರೆಯಲ್ಲಿ ಹಂಪಮ್ಮ ಎಂಬ ನರ್ಸ್ ಇದ್ದಳು. ಹದಿನೇಳು ವರ್ಷದ ಸರ್ವೀಸು. ಮಗು ಅಳಲು ಬಾಯಿ ತೆರೆಯುವುದರೊಳಗೆ ಇಂಜೆಕ್ಷನ್ ಕೊಟ್ಟು ಮುಗಿಸುವ ಕೈ ಅವಳದು. ಹೊಸದಾಗಿ ಬಂದ ಡಾಕ್ಟರುಗಳು ಅವಳ ಮುಖ ಒಂದು ಸಲ ನೋಡಿಯೇ ಔಷಧಿ ಬರೆಯುತ್ತಿದ್ದರು.

ಆ ಆಸ್ಪತ್ರೆಗೆ ನಾಲ್ಕು ಹಾಸಿಗೆಯ ಐಸಿಯು ಮಂಜೂರಾಯಿತು. ಕಟ್ಟಡ ಎದ್ದಿತು, ವೆಂಟಿಲೇಟರ್ ಬಂತು, ಮಾನಿಟರ್ ಬಂತು. ಅವುಗಳ ಪಕ್ಕದಲ್ಲಿ ನಿಂತು ರೋಗಿಯನ್ನು ನೋಡಿಕೊಳ್ಳಲು ಕಲಿತ ನರ್ಸ್ ಮಾತ್ರ ಬರಲಿಲ್ಲ. ಯಂತ್ರಗಳ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದೆ ಬಾಗಿಲಿಗೆ ಬೀಗ ಜಡಿದರು. ಉಸಿರಾಟ ಕೈಕೊಟ್ಟವರನ್ನು ಆಂಬುಲೆನ್ಸಿನಲ್ಲಿ ತೊಂಬತ್ತು ಕಿಲೋಮೀಟರ್ ದೂರ ಒಯ್ಯಬೇಕಿತ್ತು. ಜೊತೆಗೆ ಹೋಗುವವಳು ಹಂಪಮ್ಮನೇ. ಆ ದಾರಿಯಲ್ಲಿ ಅವಳ ಕಣ್ಣೆದುರೇ ಹನ್ನೊಂದು ಜನ ತೀರಿಕೊಂಡಿದ್ದರು. ಅಷ್ಟೂ ಜನರ ಹೆಸರು ಅವಳಿಗೆ ನೆನಪಿತ್ತು.

ಕೊನೆಗೆ ಇಲಾಖೆ ಅವಳನ್ನೇ ವಿಶ್ವವಿದ್ಯಾಲಯಕ್ಕೆ ಕಳಿಸಿತು. ತೀವ್ರ ನಿಗಾ ಶುಶ್ರೂಷೆಯ ಒಂದು ವರ್ಷದ ಕೋರ್ಸು. ಹೊರಡುವ ದಿನ ಮುಖ್ಯ ವೈದ್ಯರು, "ನೀ ಪಾಸಾಗಿ ಬಂದ ದಿನಾನ ಬೀಗ ತಗೀತೀನಿ ನೋಡವ್ವ" ಎಂದರು.

ತರಗತಿಯಲ್ಲಿ ಅವಳೇ ಎಲ್ಲರಿಗಿಂತ ಹಿರಿಯಳು. ಉಳಿದವರೆಲ್ಲ ಇಪ್ಪತ್ತನಾಲ್ಕು, ಇಪ್ಪತ್ತೈದರ ಹುಡುಗಿಯರು. ಪಾಠ ಮಾಡುವವರು ಮಂಗಳೂರು ಕಡೆಯ ಬೆನಡಿಕ್ಟಾ ಮೇಡಂ. ಮೊದಲ ದಿನವೇ ಅವರು ಎಲ್ಲರಿಗೂ ಒಂದೊಂದು ಫಾರಂ ಹಂಚಿದರು. ಅದರಲ್ಲಿ ಅರವತ್ತು ಕೆಲಸಗಳ ಪಟ್ಟಿ. ಪ್ರತಿಯೊಂದರ ಮುಂದೆ ಎರಡು ಚೌಕ. ಒಂದರ ಮೇಲೆ 'ಗೊತ್ತು', ಇನ್ನೊಂದರ ಮೇಲೆ 'ಕಲಿಯಬೇಕು'.

"ನೀವೆಲ್ಲ ಕೆಲಸ ಮಾಡಿ ಬಂದವರು. ಗೊತ್ತಿರುವ ಪಾಠಕ್ಕೆ ಬಂದು ಕೂತುಕೊಳ್ಳುವುದು ಬೇಡ" ಎಂದರು ಮೇಡಂ. "ನಿಮ್ಮ ಮಾತನ್ನು ನಾನು ನಂಬುತ್ತೇನೆ."

ಹಂಪಮ್ಮ ಪೆನ್ನು ತೆಗೆದಳು. ಐವತ್ತೆಂಟಕ್ಕೆ 'ಗೊತ್ತು' ಎಂದು ಗುರುತು ಹಾಕಿದಳು. ವೆಂಟಿಲೇಟರಿನ ಎರಡು ಸಾಲು ಮಾತ್ರ ಬಿಟ್ಟಳು. ಬೀಗ ಹಾಕಿದ ಕೋಣೆಯಲ್ಲಿ ಕಲಿತೆ ಎಂದರೆ ಯಾರು ನಂಬುತ್ತಾರೆ?

ಪಕ್ಕದಲ್ಲಿ ಕುಳಿತಿದ್ದ ಶಿಫಾ ಎಂಬ ಹುಡುಗಿ ಇಣುಕಿ ನೋಡಿ, "ಅಕ್ಕಾ, ನಿಮಗ ಇಷ್ಟೆಲ್ಲಾ ಗೊತ್ತೈತೇನ್ರೀ?" ಎಂದಳು.

"ಮತ್ತ? ಹದಿನೇಳು ವರ್ಷ ನಾ ಏನು ಬದನೀಕಾಯಿ ಮಾರಿದ್ನೇನ?"

ಹುಡುಗಿಯರು ನಕ್ಕರು, ಹಂಪಮ್ಮನೂ ನಕ್ಕಳು. ಅವಳು ಸುಳ್ಳುಗಾರ್ತಿಯಲ್ಲ. ಅರ್ಧಕ್ಕರ್ಧ ಅವಳಿಗೆ ನಿಜವಾಗಿಯೂ ಬರುತ್ತಿತ್ತು. ಇನ್ನರ್ಧ ಕಂಡಿದ್ದಳು, ಕೇಳಿದ್ದಳು, ಯಾರೋ ಮಾಡುತ್ತಿದ್ದಾಗ ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದಳು. ಆದರೆ ಆ ಎಳೆಯರ ನಡುವೆ 'ಕಲಿಯಬೇಕು' ಎಂದು ಬರೆಯಲು ಕೈ ಬರಲಿಲ್ಲ. ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ ಹೇಳಿ. ಹಾಗಾಗಿ ಹುಡುಗಿಯರು ಪಾಠಕ್ಕೆ ಹೋದಾಗ ಅವಳು ಹಾಸ್ಟೆಲಿನಲ್ಲಿ ಸೀರೆ ಇಸ್ತ್ರಿ ಮಾಡಿಕೊಂಡಿರುತ್ತಿದ್ದಳು.

ಐದನೆಯ ತಿಂಗಳು ಐಸಿಯು ಡ್ಯೂಟಿ ಶುರುವಾಯಿತು. ಅವಳ ಪಾಲಿಗೆ ಬಂದವರು ಟೈಲರ್ ಖಾಸಿಂಸಾಬರು. ನ್ಯುಮೋನಿಯಾ ಆಗಿ ಗಂಟಲಿಗೆ ಟ್ಯೂಬು ಹಾಕಿದ್ದರು. ಬೆಳಿಗ್ಗೆ ಹತ್ತರ ಹೊತ್ತಿಗೆ ಟ್ಯೂಬಿನಲ್ಲಿ ಕಫ ಗೊರಗೊರ ಎಂದಿತು. ಕಫ ಎಳೆಯುವುದು ಹಂಪಮ್ಮನ 'ಗೊತ್ತು' ಪಟ್ಟಿಯಲ್ಲಿತ್ತು. ಅವಳು ಹಿಂದೆಮುಂದೆ ನೋಡದೆ ಸಿರಿಂಜಿನಲ್ಲಿ ಉಪ್ಪುನೀರು ತುಂಬಿ ಟ್ಯೂಬಿನೊಳಗೆ ಬಿಟ್ಟಳು. ಕಫ ತೆಳುವಾಗಲಿ ಎಂದು ಹಾಗೆ ಬಿಡಬೇಕೆಂದು ಹಿಂದೆ ಅವಳಿಗೆ ಕಲಿಸಿದ್ದರು. ಆಮೇಲೆ ಸಣ್ಣ ನಳಿಕೆ ಇಳಿಸಿ ಕಫ ಎಳೆಯಲು ಶುರುಮಾಡಿದಳು.

ಮಾನಿಟರಿನಲ್ಲಿ ಆಮ್ಲಜನಕದ ಅಂಕಿ ತೊಂಬತ್ತನಾಲ್ಕಿತ್ತು. ಎಂಬತ್ತಾರಕ್ಕೆ ಬಂತು. ಎಪ್ಪತ್ತೆಂಟಾಯಿತು. ಖಾಸಿಂಸಾಬರ ತುಟಿ ನೀಲಿಗೆ ತಿರುಗಿತು. ಹಂಪಮ್ಮನ ಕೈ ಅಲ್ಲೇ ನಿಂತುಬಿಟ್ಟಿತು.

ಆಚೆ ಹಾಸಿಗೆಯ ಹತ್ತಿರವಿದ್ದ ಬೆನಡಿಕ್ಟಾ ಮೇಡಂ ಬಂದು ಪೂರ್ತಿ ಆಮ್ಲಜನಕ ಬಿಟ್ಟರು. ಎರಡು ನಿಮಿಷದಲ್ಲಿ ಅಂಕಿ ಮೇಲೇರಿತು. ರೋಗಿಗೆ ಏನೂ ಆಗಲಿಲ್ಲ.

"ನೀರು ಎಂತದಕ್ಕೆ ಹಾಕಿದ್ದು?" ಎಂದು ಮೇಡಂ ಮೆಲ್ಲಗೆ ಕೇಳಿದರು.

"ನಾವು ಮೊದಲಿಂದ ಹಂಗ ಮಾಡ್ತೀವ್ರಿ ಮೇಡಂ."

"ಮೊದಲು ನಾನೂ ಹಾಕುತ್ತಿದ್ದೆ. ಅದರಿಂದ ಆಮ್ಲಜನಕ ಇಳಿಯುತ್ತದೆ, ಸೋಂಕು ಒಳಗೆ ಹೋಗಬಹುದು ಅಂತ ಆಮೇಲೆ ಗೊತ್ತಾಯಿತು. ಈಗ ಸುಮ್ಮನೆ ಹಾಕುವುದಿಲ್ಲ. ಎಳೆಯುವ ಮೊದಲು ಆಮ್ಲಜನಕ ಹೆಚ್ಚು ಕೊಡಬೇಕು. ಎರಡನೇ ವಾರದ ಪಾಠದಲ್ಲಿ ಹೇಳಿದ್ದೆ, ನೀವು ಇರಲಿಲ್ಲ."

ಇಷ್ಟೇ ಅವರು ಹೇಳಿದ್ದು. ಬೈದಿದ್ದರೆ ಹಂಪಮ್ಮನಿಗೆ ಹಗುರವಾಗುತ್ತಿತ್ತೇನೋ. ಆಂಬುಲೆನ್ಸಿನಲ್ಲಿ ಹೀಗೆಯೇ ಉಪ್ಪುನೀರು ಬಿಟ್ಟದ್ದು ಯಾರ್ಯಾರಿಗೆ ಎಂದು ಲೆಕ್ಕ ಹಾಕಲು ಹೊರಟು ಅವಳು ಅರ್ಧದಲ್ಲೇ ನಿಲ್ಲಿಸಿದಳು. ಹೊರಗೆ ಬೆಂಚಿನ ಮೇಲೆ ಖಾಸಿಂಸಾಬರ ಹೆಂಡತಿ ಕೂತಿದ್ದರು. "ಸಿಸ್ಟರ್, ನೀವು ದೊಡ್ಡವ್ರು ಅದೀರಿ, ನೀವು ನೋಡ್ಕೊಂಡ್ರ ನನಗ ಧೈರ್ಯ" ಎಂದರು ಆಕೆ. ಹಂಪಮ್ಮನಿಗೆ ಅವರ ಮುಖ ನೋಡಲಾಗಲಿಲ್ಲ.

ಈಗ ಅವಳ ಮುಂದೆ ಎರಡು ದಾರಿ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಪರೀಕ್ಷೆ ಬರೆದು ಹೇಗೋ ಪಾಸಾಗಿ ಊರಿಗೆ ಹೋಗಬಹುದು, ಬೀಗ ತೆಗೆಸಬಹುದು. ಫಾರಂ ತಿದ್ದಿದರೆ ತಪ್ಪಿದ ಪಾಠಗಳನ್ನೆಲ್ಲ ಮುಂದಿನ ತಂಡದ ಜೊತೆ ಕೂತು ಕೇಳಬೇಕು. ಪರೀಕ್ಷೆ ಆರು ತಿಂಗಳು ಮುಂದಕ್ಕೆ ಹೋಗುತ್ತದೆ. ಆ ಆರು ತಿಂಗಳು ಊರಿನ ರೋಗಿಗಳು ಅದೇ ತೊಂಬತ್ತು ಕಿಲೋಮೀಟರ್ ಹೋಗಬೇಕು. ಅಷ್ಟರಲ್ಲಿ ದಾರಿಯಲ್ಲಿ ಇನ್ನೊಬ್ಬರು ಹೋದರೆ? ಬೀಗ ತೆಗೆದ ಕೋಣೆಯಲ್ಲಿ ತನ್ನ ಕೈಯಿಂದಲೇ ಹೋದರೆ? ಮೂರು ದಿನ ಅವಳಿಗೆ ಊಟ ಸೇರಲಿಲ್ಲ.

ನಾಲ್ಕನೆಯ ದಿನ ಅವಳು ಮೇಡಂ ಕೋಣೆಗೆ ಹೋದಳು. "ನನ್ನ ಫಾರಂ ವಾಪಸ್ ಕೊಡ್ರಿ. ತಿದ್ದಬೇಕು."

ಮೇಡಂ ಕೊಟ್ಟರು. ಹಂಪಮ್ಮ ಅಲ್ಲೇ ಕೂತು ಒಂದೊಂದು ಸಾಲನ್ನೂ ಓದಿದಳು. ಇದನ್ನು ನನಗೆ ಯಾರು ಕಲಿಸಿದರು, ಯಾವಾಗ ಕಲಿಸಿದರು, ಆಮೇಲೆ ಬದಲಾಗಿಲ್ಲ ಎಂದು ಹೇಗೆ ಹೇಳಲಿ ಎಂದು ತನ್ನನ್ನೇ ಕೇಳಿಕೊಂಡಳು. ಮೂವತ್ತೊಂದು ಗುರುತುಗಳನ್ನು ಹೊಡೆದು ಹಾಕಿದಳು.

ಮೇಡಂ ಹೊಗಳಲಿಲ್ಲ. "ಆರು ತಿಂಗಳು ತಡ ಆಗುತ್ತದೆ, ಗೊತ್ತುಂಟಲ್ಲ?" ಎಂದರು ಅಷ್ಟೇ. ಅವಳು ತಲೆಯಾಡಿಸಿದಳು.

ಮುಖ್ಯ ವೈದ್ಯರು ಫೋನಿನಲ್ಲಿ ರೇಗಿದರು. "ಊರಾಗ ಮಂದಿ ಕೇಳಾಕ ಹತ್ಯಾರ. ಏನಂತ ಹೇಳ್ಲಿ ನಾನು?"

"ಹಂಪಮ್ಮಗ ಬರಂಗಿಲ್ಲಂತ, ಕಲಿಯಾಕ ಹತ್ಯಾಳಂತ ಹೇಳ್ರಿ ಸರ್."

ವೈದ್ಯರ ದನಿ ಇಳಿಯಿತು. "ಆತು, ಪೂರಾ ಕಲ್ತು ಬಾ" ಎಂದು ಫೋನಿಟ್ಟರು.

ಹಂಪಮ್ಮ ಮುಂದಿನ ತಂಡದ ಜೊತೆ ಮೊದಲ ಬೆಂಚಿನಲ್ಲಿ ಕೂತಳು. ಅವಳು ಕೈಯೆತ್ತಿ ಪ್ರಶ್ನೆ ಕೇಳತೊಡಗಿದ ಮೇಲೆ ಹೊಸ ತಂಡದ ಹುಡುಗಿಯರಿಗೂ ಬಾಯಿ ಬಂತು. ಒಂದು ದಿನ ಬೆನಡಿಕ್ಟಾ ಮೇಡಂ ಅವಳ ಕೈಗೆ ಸೀಮೆಸುಣ್ಣ ಕೊಟ್ಟರು. "ಕುಲುಕುವ ಗಾಡಿಯಲ್ಲಿ ಟ್ಯೂಬು ಜಾರದ ಹಾಗೆ ಹೇಗೆ ಹಿಡಿಯುವುದು? ನನಗೆ ಅದರ ಅಭ್ಯಾಸ ಇಲ್ಲ. ನೀವು ಹೇಳಿ" ಎಂದು ತಾವೇ ಬೆಂಚಿನಲ್ಲಿ ನೋಟ್‌ಬುಕ್ ತೆರೆದು ಕೂತರು. ಹದಿನೇಳು ವರ್ಷದ ಅನುಭವ ಎಲ್ಲಿಯೂ ಹೋಗಿಲ್ಲ ಎಂದು ಹಂಪಮ್ಮನಿಗೆ ಅವತ್ತು ಸಮಾಧಾನವಾಯಿತು.

ಒಂದೂವರೆ ವರ್ಷಕ್ಕೆ ಹಂಪಮ್ಮ ಪಾಸಾಗಿ ಊರಿಗೆ ಬಂದಳು, ಐಸಿಯು ತೆರೆಯಿತು. ಮೊದಲ ರೋಗಿ ಹುಲ್ಲಿನ ಮೆದೆಯಲ್ಲಿ ಹಾವು ಕಚ್ಚಿಸಿಕೊಂಡ ಈರಮ್ಮ. ವಿಷದಿಂದ ಅವಳ ಉಸಿರಾಟ ಸೋತಿತ್ತು, ವೆಂಟಿಲೇಟರ್ ಹಾಕಿದ್ದರು. ಎರಡನೆಯ ದಿನ ಮಧ್ಯಾಹ್ನ ಯಂತ್ರ ಕೂಗಿಕೊಂಡಿತು. ಪರದೆಯ ಮೇಲೆ ಹಂಪಮ್ಮ ಎಂದೂ ಕಾಣದ ಸೂಚನೆ. ಯಂತ್ರ ಅವಳು ಕಲಿತದ್ದಲ್ಲ, ಬೇರೆ ಕಂಪನಿಯದು. ಡಾಕ್ಟರು ಆಪರೇಷನ್ನಿನಲ್ಲಿದ್ದರು. ಹೊಸ ನರ್ಸ್ ಕಾವೇರಿ ಅವಳ ಮುಖವನ್ನೇ ನೋಡುತ್ತಿದ್ದಳು.

ಹಂಪಮ್ಮ ಮೊದಲು ಯಂತ್ರ ಬಿಡಿಸಿ, ಟ್ಯೂಬಿಗೆ ಗಾಳಿಯ ರಬ್ಬರ್ ಚೀಲ ಜೋಡಿಸಿ ಕೈಯಿಂದ ಹಿಚುಕುತ್ತ ಈರಮ್ಮನಿಗೆ ಉಸಿರು ಕೊಡತೊಡಗಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ, "ಇದು ನನಗ ಗೊತ್ತಿಲ್ಲ. ಬೆನಡಿಕ್ಟಾ ಮೇಡಂಗ ಫೋನ್ ಹಚ್ಚು" ಎಂದಳು.

ಬಾಗಿಲಲ್ಲಿ ನಿಂತಿದ್ದ ಈರಮ್ಮನ ಗಂಡ ಬೆದರಿದ. "ನಿಮಗ ಗೊತ್ತಿಲ್ಲಂದ್ರ ಹೆಂಗ್ರೀ ಸಿಸ್ಟರ್?"

"ಉಸಿರು ನನ್ನ ಕೈಯಾಗ ಐತಿ, ಅದನ್ನ ಬಿಡಂಗಿಲ್ಲ. ಉಳಿದದ್ದು ಗೊತ್ತಿದ್ದವರನ್ನ ಕೇಳ್ತೀನಿ. ಅಂಜಬ್ಯಾಡ."

ಕಾವೇರಿ ಪರದೆಯ ಸೂಚನೆ ಓದಿ ಹೇಳಿದಳು, ಫೋನಿನ ಸ್ಪೀಕರಿನಲ್ಲಿ ಮೇಡಂ ಧ್ವನಿ ಬಂತು. "ಉಸಿರು ಹೊರಗೆ ಬರುವ ಕಡೆಯ ಫಿಲ್ಟರಿನಲ್ಲಿ ನೀರು ತುಂಬಿರಬೇಕು. ತೆಗೆದು ಬೇರೆ ಹಾಕಿ ನೋಡಿ." ಕಾವೇರಿ ತೆಗೆದಳು. ಫಿಲ್ಟರು ತೊಯ್ದು ತೊಪ್ಪೆಯಾಗಿತ್ತು. ಬೇರೆ ಹಾಕಿ ಈರಮ್ಮನಿಗೆ ಮತ್ತೆ ಜೋಡಿಸಿದಾಗ ಯಂತ್ರ ಸುಮ್ಮನಾಯಿತು. ಇಡೀ ಕೆಲಸಕ್ಕೆ ಹಿಡಿದದ್ದು ನಾಲ್ಕು ನಿಮಿಷ.

ಆ ಸಂಜೆ ಕಾವೇರಿ ಹತ್ತಿರ ಬಂದು ನಿಂತಳು. "ಸಿಸ್ಟರ್, ಬೆಳಿಗ್ಗೆ ಡ್ರಿಪ್ಪಿನ ವೇಗ ನನಗ ಸರಿಯಾಗಿ ತಿಳಿದಿರಲಿಲ್ಲ. ಕೇಳಾಕ ಅಂಜಿ ಸುಮ್ಮನಿದ್ದೆ."

ಹಂಪಮ್ಮ ಕುರ್ಚಿ ಎಳೆದು ಅವಳನ್ನು ಕೂರಿಸಿದಳು. ಇಬ್ಬರೂ ಸೇರಿ ವೇಗ ಸರಿಮಾಡಿದರು. ಐದನೆಯ ದಿನ ಈರಮ್ಮ ತಾನೇ ಉಸಿರಾಡಿದಳು. ಟ್ಯೂಬು ತೆಗೆದ ಮೇಲೆ ಒಡಕು ದನಿಯಲ್ಲಿ ಮೊದಲು ಕೇಳಿದ್ದು, ಮನೆಯಲ್ಲಿ ಎಮ್ಮೆಯ ಹಾಲು ಕರೆದವರು ಯಾರು ಎಂದು. ಗಂಡ ಅಳುತ್ತಲೇ ನಕ್ಕ.

ನೀತಿ: ಅನುಭವ ದೊಡ್ಡದು, ಆದರೆ ಅದು ಕಲಿಕೆಗೆ ಬೀಗ ಹಾಕಬಾರದು. 'ನನಗೆ ಗೊತ್ತಿಲ್ಲ' ಎಂದು ಒಪ್ಪಿಕೊಂಡರೆ ಆಗುವ ನಾಚಿಕೆ ಒಂದು ಗಳಿಗೆಯದು, ಅದನ್ನು ನಾವೇ ನುಂಗಿಕೊಳ್ಳಬಹುದು. ಗೊತ್ತಿಲ್ಲದ್ದನ್ನು ಗೊತ್ತು ಎಂದರೆ ಅದರ ಬೆಲೆ ತೆರುವವರು ನಮ್ಮನ್ನು ನಂಬಿ ಮಲಗಿದವರು.